ಬೋಗುಣಿಯ ಕೆಳಗಿನ ಸುಂಡಿಲಿ

ಮಗಳ ಬೆರಳು ನೋಡನೋಡುತ್ತಲೇ ಊದತೊಡಗಿತು. ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ನಮ್ಮದು ನೆಲಮಹಡಿಯ ಅಪಾರ್ಟ್‌ಮೆಂಟ್. ಎಲೆ ಉದುರುವ ಕಾಲಕ್ಕೆ ಏನಾದರೊಂದು ಒಳಗೆ ನುಗ್ಗುತ್ತದೆ. ಆ ಮಧ್ಯಾಹ್ನ ಹಿತ್ತಿಲಿಗೆ ತೆರೆಯುವ ಪ್ಯಾಟಿಯೋ ಬಾಗಿಲಿನಿಂದ ಬಂದದ್ದು ಚೂಪು ಮೂತಿಯ ಪುಟ್ಟ ಸುಂಡಿಲಿ. ಐದು ವರ್ಷದ ಮಗಳು ಮುಟ್ಟಲು ಹೋದಳು, ಕಚ್ಚಿಯೇಬಿಟ್ಟಿತು. ನಾನು ಪೊರಕೆ ಎತ್ತಿದರೆ ಮೈಸೂರಿನಿಂದ ಬಂದಿದ್ದ ಅತ್ತೆ ಅಡ್ಡ ನಿಂತರು.

"ಗಣಪತಿ ವಾಹನ ಕಣೇ, ಹೊಡೀಬೇಡ."

ಸೊಳ್ಳೆ, ಜಿರಲೆಗಳ ವಿಷಯದಲ್ಲಿ ಅವರಿಗೆ ಈ ಕರುಣೆ ಇಲ್ಲ. ಸ್ಟೀಲ್ ಬೋಗುಣಿ ತಂದು ಅದರ ಮೇಲೆ ಕವುಚಿದರು, ಅಂಚನ್ನು ತುಸು ಎತ್ತಿ ಅಕ್ಕಿ ಬೆಲ್ಲ ಒಳಗೆ ತಳ್ಳಿದರು. ಆಮೇಲೆ ಮೊಮ್ಮಗಳನ್ನು ತಬ್ಬಿಕೊಂಡು, "ಸಾಯಂಕಾಲ ಅಪ್ಪ ಬಂದ್ಮೇಲೆ ಬಿಟ್ಬಿಡೋಣ. ಅದು ಮನೆ ಸೇರಿದ್ರೆ ನಿನ್ ಬೆರಳೂ ವಾಸಿ ಆಗುತ್ತೆ," ಎಂದರು. ಅವಳು ನಂಬಿ ಅಳು ನಿಲ್ಲಿಸಿದಳು.

ಅವಳನ್ನು ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರು ಗಾಯ ತೊಳೆದು, ಊತ ತಾನೇ ಇಳಿಯುತ್ತದೆ ಎಂದರು. ನನಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವಳೇ ಫೋನಿನಲ್ಲಿ ಹುಡುಕಿದೆ. ಇಲ್ಲಿಯ ಈ ಸುಂಡಿಲಿಯ ಜೊಲ್ಲಿನಲ್ಲಿ ವಿಷವಿದೆ ಎಂದಿತ್ತು. ಎರೆಹುಳ, ಬಸವನಹುಳಗಳನ್ನು ಕೆಡಹುವಷ್ಟು ವಿಷ, ಮನುಷ್ಯರಿಗೆ ನೋವು ಊತ ಮಾತ್ರ ಎಂದು ಮುಂದೆ ಬರೆದಿತ್ತು. ಇನ್ನೂ ಓದಿದೆ. ಮೈ ಬಹಳ ಸಣ್ಣದಾದ್ದರಿಂದ ಕಾವು ನಿಲ್ಲುವುದಿಲ್ಲವಂತೆ. ಯುರೋಪಿನಲ್ಲಿರುವ ಅದರ ದಾಯಾದಿಗಳದ್ದೂ ಇದೇ ಪಾಡು, ಹಗಲು ರಾತ್ರಿ ಹುಳ ಹಿಡಿದು ತಿನ್ನುತ್ತಲೇ ಇರಬೇಕು. ಕೆಲವೇ ಗಂಟೆ ಉಪವಾಸ ಬಿದ್ದರೆ ಸತ್ತೇಹೋಗುತ್ತದೆ.

ನಾನು ಬೋಗುಣಿಯ ಕಡೆ ನೋಡಿದೆ. ಹೊರಡುವಾಗ ಒಳಗಿನಿಂದ ಪರಪರ ಕೆರೆಯುವ ಸದ್ದು ಕೇಳುತ್ತಿತ್ತು.

"ಅತ್ತೆ, ಅದು ಹುಳ ತಿನ್ನೋದಂತೆ. ಸದ್ದು ನಿಂತು ಎಷ್ಟು ಹೊತ್ತಾಯ್ತು?"

"ಆಗ್ಲೇ ನಿಲ್ತು. ಉಂಡು ಮಲಗಿರ್ಬೇಕು ಬಿಡು," ಎಂದರು. ಹಾಗೆಂದರೂ ಎದ್ದು ಬೋಗುಣಿಯ ಬಳಿ ಬಂದರು.

ಮಗಳು ಪ್ಯಾಟಿಯೋ ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತು ಅಪ್ಪನ ಕಾರಿಗಾಗಿ ಕಾಯುತ್ತಿದ್ದಳು. ಅತ್ತೆ ಮೆಲ್ಲಗೆ ಬೋಗುಣಿ ಎತ್ತಿದರು. ಅಕ್ಕಿ ಹಾಗೇ ಇತ್ತು. ಪಕ್ಕದಲ್ಲಿ ಸುಂಡಿಲಿ ಮಗ್ಗುಲಾಗಿ ಬಿದ್ದಿತ್ತು.

"ಅಜ್ಜಿ, ಈಸ್ ಹೀ ಸ್ಟಿಲ್ ಮ್ಯಾಡ್ ಅಟ್ ಮೀ?" ಅದಕ್ಕಿನ್ನೂ ತನ್ನ ಮೇಲೆ ಕೋಪವೇ ಎಂದು ಮಗಳು ಅಲ್ಲಿಂದಲೇ ಕೇಳಿದಳು.

ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳನ್ನು ದಾಟಿ ಹೊರಗೆ ಹೋದರು. ಎಲೆರಾಶಿಯ ಬಳಿ ಬಗ್ಗಿ ಎದ್ದು, "ಇಲ್ಲ ಪುಟ್ಟಿ, ಮನೆಗೆ ಹೋಯ್ತು ನೋಡು," ಎಂದರು. ಒಳಗೆ ಬಂದವರೇ ಅವಳ ಕೈ ಹಿಡಿದು, ಬೆರಳನ್ನು ಬೆಳಕಿಗೆ ತಿರುಗಿಸಿ, ಊತ ಹೆಚ್ಚಾಗಿದೆಯೇ ಎಂದು ನೋಡತೊಡಗಿದರು.

ಗಣಪತಿಯ ವಾಹನ ಸತ್ತದ್ದಕ್ಕೂ ಬೆರಳಿನ ಊತಕ್ಕೂ ನಂಟಿದೆ ಎಂದು ನಾನು ನಂಬುವವಳಲ್ಲ. ಆದರೂ ಅವರ ಪಕ್ಕದಲ್ಲಿ ಬಗ್ಗಿ ನಾನೂ ನೋಡಿದೆ.