ಹಡಗು ಹತ್ತಿದ ಹುಡುಗಿಯ ಅಪ್ಪ

ಭಾನುವಾರದ ಇಡ್ಲಿಗೂ ಅವರು ದೆಹಲಿಯ ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿಗೆ ಸರ್ಕಾರಿ ಕಾರಿನಲ್ಲೇ ಬರುತ್ತಿದ್ದರು. ನಮ್ಮ ಕ್ವಾರ್ಟರ್ಸಿನ ಮೇಲ್ಮಹಡಿಯ ಅಧಿಕಾರಿ. ಅದೇ ಊರಿನ ಮುನಿರ್ಕಾದ ಗಲ್ಲಿಯೊಂದರಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನನ್ನ ಮಗನ ಮಾತು ಬಂದಾಗಲೆಲ್ಲ, "ಮಕ್ಕಳಿಗೆ ಎಕ್ಸ್‌ಪೋಷರ್ ಬೇಕ್ರೀ" ಎಂದು ನಿಟ್ಟುಸಿರಿಡುತ್ತಿದ್ದರು. ದೇಶದೇಶ ಸುತ್ತುವ ಹಡಗಿನಲ್ಲಿ ಒಂದು ಸೆಮಿಸ್ಟರ್ ಓದಲು ತಮ್ಮ ಮಗಳು ಹೊರಟಾಗ, ಇಡ್ಲಿ ತಂದಿಟ್ಟ ಸರ್ವರ್‌ಗೂ ಆ ಹಡಗಿನ ಫೋಟೊ ತೋರಿಸಿದರು.

ಹಡಗು ಹೊರಟ ಮೂರನೆಯ ದಿನ ಭಾನುವಾರ. ಕ್ಯಾಂಟೀನಿನಲ್ಲಿ ಎಲ್ಲರ ನಡುವೆ ಕೂತು ಮಗಳಿಗೆ ವಿಡಿಯೊ ಕಾಲ್ ಮಾಡಿದರು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ಪಪ್ಪಾ, ಸುಬಹ್ ಸೇ ವಾಂತಿ ಆಗ್ತಿದೆ. ನಂಗೆ ಮನೆಗೆ ಬರ್ಬೇಕು."

"ಅಚ್ಛಾ, ಅಚ್ಛಾ. ಫೋನನ್ನ ಸಮುದ್ರದ ಕಡೆ ತಿರುಗಿಸಮ್ಮ, ಅಂಕಲ್‌ಗಳು ನೋಡ್ಲಿ."

ಅವಳು ತಿರುಗಿಸಿದಳು. ಕಿಟಕಿಯಿಲ್ಲದ ಕೋಣೆಯ ಗೋಡೆ ಕಂಡಿತು, ಮಂಚದ ಪಕ್ಕ ಒಂದು ಬಕೆಟ್ಟು ಕಂಡಿತು.

"ನೆಟ್‌ವರ್ಕ್ ಸರಿಯಿಲ್ಲ" ಎಂದು ಅವರು ಕಾಲ್ ಕಟ್ ಮಾಡಿ ಫೋನನ್ನು ಜೇಬಿಗಿಳಿಸಿದರು. ಇನ್ನಷ್ಟು ಚಟ್ನಿ ಹಾಕಿಸಿಕೊಂಡು ನನ್ನತ್ತ ತಿರುಗಿದರು.

"ನಿಮ್ಮ ಹುಡುಗ ಪಾಪ, ಇನ್ನೂ ಮುನಿರ್ಕಾದಲ್ಲೇ ಇದಾನಾ?"

ನನ್ನ ಮಗ ಅವರ ಎದುರಿಗೇ ಕೂತು ನನ್ನ ತಟ್ಟೆಯ ವಡೆಗೆ ಕೈ ಹಾಕಿದ್ದ.