ತೆಕ್ಲಾಳ ಹಿತ್ತಾಳೆ ಮೊನೆ

ತೆಕ್ಲಾ ಕೊಡುಗೈಯವಳಲ್ಲ. ನನ್ನ ತಲೆ ನೆರೆಯುವ ಮೊದಲಿನಿಂದಲೂ ನಮ್ಮಿಬ್ಬರ ನಡುವೆ ಇರುವುದು ಒಂದು ಬೇಲಿ ಮಾತ್ರ. ಅವಳ ಮನೆಯಿಂದ ಒಂದು ಹಿಡಿ ಉಪ್ಪು ಕಡ ತಂದವರನ್ನು ನಾನು ಕಂಡಿಲ್ಲ. ಏಣಿ ಕೇಳಿದರೆ ಮೆಟ್ಟಿಲು ಮುರಿದಿದೆ ಎನ್ನುತ್ತಾಳೆ, ಸುತ್ತಿಗೆ ಕೇಳಿದರೆ ಹಿಡಿ ಸಡಿಲ ಎನ್ನುತ್ತಾಳೆ. ಮೊಟ್ಟೆ ಬರೆಯುವ ಮೇಣದ ಕಡ್ಡಿಯ ವಿಷಯಕ್ಕೆ ಬಂದರೆ ನೆಪ ಹುಡುಕುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಕೊಡುವುದಿಲ್ಲ, ಅಷ್ಟೇ.

ಆ ಕಡ್ಡಿ ನೋಡಲು ಏನೂ ಅಲ್ಲ. ಮರದ ಕಡ್ಡಿಯ ತುದಿಗೆ ದಾರದಿಂದ ಬಿಗಿದ, ಗೋಧಿ ಕಾಳಿನಷ್ಟು ಹಿತ್ತಾಳೆ ಕೊಳವೆ. ಅವಳ ತಾಯಿಯ ಬೂಟಿನ ಲೇಸಿನ ತುದಿಯಲ್ಲಿದ್ದ ತಗಡನ್ನೇ ಬಿಚ್ಚಿ, ಸೂಜಿಗೆ ಸುತ್ತಿ ಮಾಡಿದ್ದು. ಈಸ್ಟರ್‌ಗೆ ನಾವು ಮೊಟ್ಟೆಯ ಮೇಲೆ ಚಿತ್ತಾರ ಬರೆಯುವುದು ಇಂಥದ್ದರಿಂದಲೇ. ಕೊಳವೆಯನ್ನು ಮೇಣದಬತ್ತಿಯ ಉರಿಗೆ ಹಿಡಿದು, ಜೇನುಮೇಣಕ್ಕೆ ಒತ್ತಿ, ಚಿಪ್ಪಿನ ಮೇಲೆ ಗೆರೆ ಎಳೆಯಬೇಕು. ಮೇಣ ಮುಚ್ಚಿದ ಕಡೆ ಬಣ್ಣ ಹತ್ತುವುದಿಲ್ಲ. ಹಿತ್ತಾಳೆ ಕಾಯಲು ಹೆಚ್ಚು ಶಾಖ ಬೇಡ. ಅಷ್ಟೇ ತೂಕದ ನೀರಿಗೆ ಬೇಕಾದದ್ದರ ಹತ್ತರಲ್ಲೊಂದು ಪಾಲು ಸಾಕು. ಉರಿ ಸೋಕಿದೊಡನೆ ಬಿಸಿ, ಉರಿ ಬಿಟ್ಟ ಸ್ವಲ್ಪ ಹೊತ್ತಿಗೆ ತಣ್ಣಗೆ. ಮೇಣ ನಾಲ್ಕಾರು ಗೆರೆ ಹರಿದು ತಾನಾಗಿ ನಿಲ್ಲುತ್ತದೆ. ಈ ಪಾಠವನ್ನು ಊರಿನ ಶಾಲೆಯಲ್ಲಿ ಹೇಳಿ ಹೇಳಿ ನಿವೃತ್ತಳಾದವಳು ನಾನು. ತೆಕ್ಲಾಳ ಮಗ ಲುಕಿನ್ ಆ ದಿನ ನಿದ್ದೆ ಮಾಡಿರಬೇಕು.

ಲುಕಿನ್ ಕಳೆದ ಸುಗ್ಗಿಯ ಮೇಲೆ ಬಯಲುಸೀಮೆಯ ಯುಸ್ತಿನಾಳನ್ನು ಮದುವೆಯಾಗಿದ್ದ. ಮನೆಗೆ ಬಂದ ಸೊಸೆ ಮೊದಲ ಈಸ್ಟರ್‌ಗೆ ತಾನೇ ಬರೆದ ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ಯಬೇಕು. ಅಲ್ಲಿ ಹೆಂಗಸರು ಮೊದಲು ನೋಡುವುದು ಅವಳ ಮುಖವನ್ನಲ್ಲ, ಬುಟ್ಟಿಯನ್ನು. ಕೊಂಡು ತಂದ ಮೊಟ್ಟೆ ಇಟ್ಟ ಸೊಸೆಯರ ಹೆಸರು ನಮ್ಮೂರಲ್ಲಿ ಅವರ ಮೊಮ್ಮಕ್ಕಳ ಕಾಲಕ್ಕೂ ಮರೆಯಾಗುವುದಿಲ್ಲ.

ಹೆಂಡತಿಗೆ ಕಡ್ಡಿ ಮಾಡಿಕೊಡಲು ಲುಕಿನ್ ಹೊರಟ. ಈಗಿನ ಲೇಸಿಗೆಲ್ಲ ಪ್ಲಾಸ್ಟಿಕ್ ತುದಿ. ಡಬ್ಬದ ತಗಡು ಸುತ್ತಿ ನೋಡಿದ. ಅದು ಚಿಪ್ಪನ್ನು ಗೀರಿತು. ಕೊನೆಗೆ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಲೇತಿನಲ್ಲಿ ದಪ್ಪ ಹಿತ್ತಾಳೆ ಸರಳನ್ನು ಕಡೆದು, ನಡುವೆ ಸಣ್ಣ ರಂಧ್ರ ಕೊರೆದು, ಹೆಬ್ಬೆರಳಿನಷ್ಟು ದಪ್ಪದ ಮೊನೆಯೊಂದನ್ನು ತಂದ. ಮಿರಮಿರ ಮಿಂಚುತ್ತಿತ್ತು.

“ಇದು ನೂರು ವರ್ಷ ಬಾಳತ್ತೆ ಟೀಚರಮ್ಮ,” ಎಂದ.

“ಬಾಳತ್ತೆ. ಬರೆಯೋದು ಯಾವಾಗ?” ಎಂದೆ.

ಈಸ್ಟರ್‌ಗೆ ಮೂರು ದಿನ ಮುಂಚಿನ ಪವಿತ್ರ ಗುರುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಯುಸ್ತಿನಾ ಮೇಣ ಮೆತ್ತಿದ ಮೊಟ್ಟೆಗಳ ನಡುವೆ ಕೂತಿದ್ದಳು. ಆ ಹಿತ್ತಾಳೆ ಮುದ್ದೆ ಎಷ್ಟು ಹೊತ್ತಾದರೂ ಕಾಯುತ್ತಿರಲಿಲ್ಲ. ಕಾದ ಮೇಲೆ ತಣಿಯುತ್ತಲೂ ಇರಲಿಲ್ಲ. ಮೇಣ ಹೊಗೆಯಾಡಿ ಬಳಬಳನೆ ಸುರಿದು ಮೊಟ್ಟೆಯ ಮೇಲೆಲ್ಲ ಕೆರೆಯಾಗುತ್ತಿತ್ತು. ಉರಿಯಿಂದ ದೂರ ಹಿಡಿಸಿದೆ, ಒದ್ದೆ ಬಟ್ಟೆಗೆ ಮುಟ್ಟಿಸಿದೆ. ಒಂದು ಸಲ ಕೆರೆ, ಇನ್ನೊಂದು ಸಲ ಬರಿಗೀರು. ಹಿತ್ತಾಳೆಯ ಗುಣ ಎಷ್ಟು ಒಳ್ಳೆಯದಾದರೇನು, ಇಷ್ಟೊಂದು ಹಿತ್ತಾಳೆ ಹೇರಿದರೆ ಆ ಗುಣ ಹೂತುಹೋಗುತ್ತದೆ ಎಂದು ಲುಕಿನ್‌ಗೆ ವಿವರಿಸಿದೆ. ಅವನು ಶಾಲೆಯಲ್ಲಿ ತಲೆಯಾಡಿಸುತ್ತಿದ್ದ ಹಾಗೆಯೇ ತಲೆಯಾಡಿಸಿ ಶೆಡ್ಡಿಗೆ ಹೊರಟುಹೋದ. ಕೋಸಿವ್ ಪಟ್ಟಣದ ಸಂತೆ ಇರುವುದು ಶನಿವಾರ. ಅಲ್ಲಿಂದ ಕಡ್ಡಿ ತಂದು ಭಾನುವಾರ ನಸುಕಿಗೆ ಬುಟ್ಟಿ ತುಂಬುವುದು ಆಗದ ಮಾತು. ಆ ವಾರ ಊರಿನ ಪ್ರತಿ ಮನೆಯ ಕಡ್ಡಿಗೂ ಕೆಲಸವಿತ್ತು, ಕಡ ಸಿಗುತ್ತಿರಲಿಲ್ಲ; ನನ್ನದು ಎಂದೋ ಮುರಿದುಹೋಗಿತ್ತು.

ಒಲೆಯ ಪಕ್ಕದಲ್ಲಿ ತೆಕ್ಲಾ ತನ್ನ ಮೊಟ್ಟೆ ಬರೆಯುತ್ತಿದ್ದಳು. ಜಿಂಕೆಯ ಕೊಂಬು ಕೂದಲೆಳೆಯಷ್ಟು ತೆಳ್ಳಗೆ ಮೂಡುತ್ತಿತ್ತು. ತಲೆ ಎತ್ತದೆ, “ಅದೇನೇ ಅದು, ಹಸು ಕೂತು ಎದ್ದಂಗಿದೆ. ಪಾದ್ರಿ ಮುಂದೆ ಅದನ್ನ ಇಡ್ತೀಯಾ?” ಎಂದಳು.

“ಅತ್ತೆ, ಒಂದು ಮೊಟ್ಟೆಗೆ ಮಾತ್ರ ನಿಮ್ಮ ಕಡ್ಡಿ ಕೊಡಿ. ಇಲ್ಲೇ ನಿಮ್ಮೆದುರಿಗೇ ಬರೀತೀನಿ.”

“ನನ್ನ ಕಡ್ಡಿ ನನ್ನ ಕೈಗೆ ಪಳಗಿದೆ.”

“ಲೋಹಕ್ಕೆ ಕೈ ಗುರುತು ಸಿಗಲ್ಲ ತೆಕ್ಲಾ,” ಎಂದೆ. ನನ್ನ ಸಹನೆ ಮುಗಿದಿತ್ತು.

“ನೀವು ಓದಿದೋರು. ಗುರುತು ಸಿಗಲ್ಲ ಅಂತೀರಿ. ಹಾಗಾದ್ರೆ ಲೋಹಕ್ಕೆ ನೀವೇ ಹೇಳಿ, ಅವಳಿಗೂ ಬರ್ಕೊಡತ್ತೆ.”

ಆ ಹೆಂಗಸಿನೊಡನೆ ವಾದ ಮಾಡಿ ಗೆದ್ದವರಿಲ್ಲ. ನಾನು ಶಾಲು ಹೊದ್ದುಕೊಂಡು ಎದ್ದೆ. ಅಷ್ಟರಲ್ಲಿ ಯುಸ್ತಿನಾ ಮತ್ತೊಂದು ಮೊಟ್ಟೆ ಕೈಗೆತ್ತಿಕೊಂಡಳು. ಅತ್ತೆಯ ಜಿಂಕೆಯನ್ನೇ ನೋಡುತ್ತ, ಉರಿಯಿಂದ ಕೈ ಹಿಂದೆ ಮುಂದೆ ಮಾಡುತ್ತ, ಹಲ್ಲು ಕಚ್ಚಿ ಒಂದು ಕೊಂಬು ಎಳೆದಳು. ಅರ್ಧ ಕೊಂಬು ಸರಿಯಾಗಿ ಬಂತು. ಉಳಿದರ್ಧದ ಮೇಲೆ ಮೇಣ ಸುರಿಯಿತು. ಅವಳು ಅದನ್ನು ಬದಿಗಿಟ್ಟು ಇನ್ನೊಂದಕ್ಕೆ ಕೈ ಹಾಕಿದಳು.

ತೆಕ್ಲಾ ಆ ಅರ್ಧ ಕೊಂಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಹೋದಳು, ಪೆಟ್ಟಿಗೆ ತೆಗೆದ ಸದ್ದಾಯಿತು. ತಂದದ್ದು ತಾನು ಸತ್ತಾಗ ತೊಡಿಸಲೆಂದು ಕಟ್ಟಿಟ್ಟ ಗಂಟು: ಅಂಗಿ, ತಲೆವಸ್ತ್ರ, ಒಮ್ಮೆಯೂ ಮೆಟ್ಟದ ಹಳೆಯ ಕಾಲದ ಬೂಟುಗಳು. ಅವಳಿಗೆ ಕೊನೆಯ ಬಟ್ಟೆ ಉಡಿಸಬೇಕಾದವಳು ನಾನು ಎಂದು ಹಿಂದೆಯೇ ಗೊತ್ತುಮಾಡಿದ್ದಳು. ಗಂಟಿನಲ್ಲಿ ಒಂದು ನೂಲು ಕಡಿಮೆಯಾದರೂ ಎದ್ದು ಕೂತು ಲೆಕ್ಕ ಕೇಳುತ್ತೇನೆ ಎಂದೂ ಎಚ್ಚರಿಸಿದ್ದಳು.

ಒಂದು ಬೂಟಿನ ಲೇಸಿನ ತುದಿಯ ಹಿತ್ತಾಳೆಯನ್ನು ಚಾಕುವಿನ ಮೊನೆಯಿಂದ ಬಿಡಿಸಿದಳು. ಸೂಜಿಗೆ ಸುತ್ತಿದಳು, ಕಲ್ಲಿಗೆ ಉಜ್ಜಿದಳು, ಕಡ್ಡಿಗೆ ಬಿಗಿದಳು. ಸೊಸೆಯ ಮುಂದಿದ್ದ ದಪ್ಪ ಮೊನೆಯನ್ನು ಸರಿಸಿ ಆ ಜಾಗದಲ್ಲಿ ಹೊಸ ಕಡ್ಡಿಯನ್ನು ಇಟ್ಟಳು.

“ಸುಮ್ನೆ ಅದನ್ನೇ ನೋಡ್ತಾ ಕೂರಬೇಡ. ಮೇಣ ಹಾಳಾಗ್ತಿದೆ.”

ಯುಸ್ತಿನಾ ಉರಿಗೆ ಹಿಡಿದಳು, ಮೇಣಕ್ಕೆ ಒತ್ತಿದಳು, ಎಳೆದಳು. ಗೆರೆ ಹರಿಯಿತು, ಹರಿದು ನಿಂತಿತು.

ತುದಿ ಕಳೆದುಕೊಂಡ ಲೇಸು ಅಷ್ಟರಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳತೊಡಗಿತ್ತು. ತೆಕ್ಲಾ ಅದನ್ನು ಸೊಸೆಯ ಬತ್ತಿಯ ಕೆಳಗೆ ಕರಗಿ ನಿಂತಿದ್ದ ಮೇಣದಲ್ಲಿ ಅದ್ದಿ, ಎರಡು ಬೆರಳ ನಡುವೆ ಹೊಸೆದು, ಗಟ್ಟಿಯಾಗುವವರೆಗೂ ಹಿಡಿದುಕೊಂಡಳು. ಆಮೇಲೆ ಬೂಟಿನ ಕಣ್ಣಿಗೆ ಪೋಣಿಸಿ ಗಂಟು ಹಾಕಿದಳು.