ಸಿರಿಂಜಿನಲ್ಲಿ ಕೊಟ್ಟ ದೀಕ್ಷಾಸ್ನಾನ

ನರ್ಸ್ ನನ್ನ ಕೈಗಿತ್ತದ್ದು ಸೂಜಿ ಇಲ್ಲದ ಸಿರಿಂಜು. ಅದರಲ್ಲಿ ಎರಡು ಎಂ.ಎಲ್. ನೀರಿತ್ತು. ಐದಿತ್ತೇನೋ. ಅಹಮದಾಬಾದಿನ ವಟ್ವಾದಲ್ಲಿರುವ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ದಿನವೂ ನೀರು ಅಳೆಯುವವನು ನಾನು. ಆ ದಿನದ ಅಳತೆಯನ್ನು ಮಾತ್ರ ಖಚಿತವಾಗಿ ಹೇಳಲಾರೆ.

ಸೂರತ್‌ನ ಆಸ್ಪತ್ರೆಯಲ್ಲಿ ತಂಗಿಯ ಮಗಳು ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ದಿನ ತುಂಬಲು ಎರಡು ತಿಂಗಳಿರುವಾಗಲೇ ಹುಟ್ಟಿದ ಕೂಸು. ಬೆಳಿಗ್ಗೆಯಿಂದ ಉಸಿರು ತಪ್ಪುತ್ತಿತ್ತು. ಡಾಕ್ಟರು ‘ಸಂಜೆವರೆಗೆ ನೋಡೋಣ’ ಎಂದಷ್ಟೇ ಹೇಳಿದ್ದರು. ತಂಗಿಯ ಗಂಡ ಬ್ಯಾಂಕಿನವನು. ವಡೋದರಾಕ್ಕೆ ವರ್ಗವಾಗಿ, ಹಿಂದಿನ ದಿನವಷ್ಟೇ ಹೊಸ ಶಾಖೆಗೆ ಹಾಜರಾಗಲು ಹೋದವನು, ಸುದ್ದಿ ತಿಳಿದು ರೈಲಿನಲ್ಲಿದ್ದ. ಚರ್ಚಿನ ಗುರುಗಳು ದೂರದ ಹಳ್ಳಿಗೆ ಹೋಗಿದ್ದರು, ಫೋನು ಸಿಗುತ್ತಿರಲಿಲ್ಲ. ಅಹಮದಾಬಾದಿನ ಬೋಪಾಲ್ ಬಡಾವಣೆಯ ಮನೆಯಿಂದ ಕಾರು ಓಡಿಸಿಕೊಂಡು ಬಂದಿದ್ದ ನಾನೊಬ್ಬನೇ ತಂಗಿಯ ಬಳಿಯಿದ್ದೆ.

ಹೊಲಿಗೆ ಹಾಕಿಸಿಕೊಂಡು ಕೆಳಗಿನ ಮಹಡಿಯ ವಾರ್ಡಿನಲ್ಲಿ ಮಲಗಿದ್ದ ಅವಳು ನನ್ನ ಅಂಗಿಯ ತೋಳು ಹಿಡಿದಳು.

“ಅಣ್ಣ, ಮಗೂಗೆ ದೀಕ್ಷಾಸ್ನಾನ ನೀನೇ ಕೊಟ್ಟುಬಿಡು.”

“ನನಗೆ ನಂಬಿಕೆ ಇಲ್ಲ ಅಂತ ಗೊತ್ತಲ್ಲೇ ನಿಂಗೆ.”

“ನಿನ್ನ ನಂಬಿಕೆ ಯಾರು ಕೇಳಿದ್ರೀಗ? ಕೈ ಇದೆಯಲ್ಲ, ನೀರು ಹಾಕು. ಆಪತ್ತಲ್ಲಿ ಯಾರು ಬೇಕಾದ್ರೂ ಕೊಡಬಹುದು, ಧರ್ಮೋಪದೇಶದ ಕ್ಲಾಸಲ್ಲಿ ಹೇಳಿಕೊಟ್ಟಿದ್ರು. ನೀನು ಆವತ್ತೂ ನಿದ್ದೆ ಮಾಡ್ತಿದ್ಯೇನೋ.”

ನಾವು ಹಾಸನದ ಕಡೆಯ ಕಥೋಲಿಕರು; ದೀಕ್ಷಾಸ್ನಾನ ಆಗದೆ ಕೂಸು ಹೋಗಬಾರದು ಎನ್ನುವ ಮನೆ ನಮ್ಮದು. ಅಪ್ಪನ ರೈಲ್ವೆ ಕೆಲಸ ನಮ್ಮನ್ನು ವಡೋದರಾಕ್ಕೆ ತಂದಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವಾಗ ನಂಬಿಕೆ ಬಿಟ್ಟೆ. ಬಿಟ್ಟೆ ಎನ್ನುವುದೂ ದೊಡ್ಡ ಮಾತು. ಒಂದು ಭಾನುವಾರ ಪೂಜೆಗೆ ಹೋಗಲಿಲ್ಲ, ಮುಂದಿನ ಭಾನುವಾರವೂ ಹೋಗಲಿಲ್ಲ. ಆಗಿನಿಂದ ತಂಗಿಯದು ಒಂದೇ ಪ್ರಶ್ನೆ: ‘ದೇವರೇ ಇಲ್ಲ ಅಂದ್ಮೇಲೆ ನೀನು ಒಳ್ಳೆಯವನಾಗಿರೋದು ಯಾರಿಗೋಸ್ಕರ?’ ಪುಸ್ತಕದಲ್ಲಿ ಓದಿದ ಉತ್ತರಗಳು ನನ್ನಲ್ಲಿ ಬೇಕಾದಷ್ಟಿದ್ದವು. ಒಂದನ್ನೂ ಅವಳು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಹೇಳುವಾಗ ನನಗೂ ಅವು ಎರವಲು ತಂದ ಅಂಗಿಯ ಹಾಗೆ ಅನಿಸುತ್ತಿದ್ದವು.

ಮೇಲಿನ ಮಹಡಿಯ ನರ್ಸ್ ಗುಜರಾತಿ ಹೆಂಗಸು. ನನ್ನ ಹರಕು ಗುಜರಾತಿಯಲ್ಲಿ ವಿಷಯ ಹೇಳಿದೆ. ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಶುದ್ಧ ನೀರಿನ ಪುಟ್ಟ ಬಾಟಲಿ ಒಡೆದು ಸಿರಿಂಜಿಗೆ ಎಳೆದು, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಕೊಟ್ಟಳು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಕಿತ್ತಳೆ ಗಾತ್ರದ ಆ ತಲೆಯ ಮೇಲೆ ಮೂರು ಸಲ ನೀರು ಹರಿಸಿದೆ. ಹೇಳಬೇಕಾದ ಮಾತು ಹೇಳಿದೆ. ನರ್ಸ್ ಹತ್ತಿಯಿಂದ ತಟ್ಟನೆ ತಲೆ ಒರೆಸಿದಳು, “ಠಂಡ್ ಲಗ್ ಜಾಯೇಗೀ”, ಥಂಡಿಯಾದೀತು, ಎಂದು ಹಿಂದಿಯಲ್ಲಿ ಹೇಳುತ್ತಾ. ಕೆಳಗೆ ಬಂದು ತಂಗಿಗೆ “ಆಯ್ತು” ಎಂದೆ. ಅವಳು ಕಣ್ಣು ಮುಚ್ಚಿದಳು. ಎರಡು ದಿನದಲ್ಲಿ ಮೊದಲ ಬಾರಿಗೆ ನಿದ್ದೆ ಹೋದಳು.

ಮಗು ಉಳಿಯಿತು. ಐದಾರು ವಾರದ ನಂತರ ಬಿಡುಗಡೆಯ ದಿನ ಆ ನರ್ಸ್ ನನ್ನನ್ನು ಗುರುತಿಸಿ ನಕ್ಕಳು. “ಭಾಯ್, ಉಸ್ ದಿನ್ ಆಪ್ ಕಿತನಾ ರೋ ರಹೇ ಥೇ.”

ನಾನು ಅಷ್ಟೊಂದು ಅತ್ತಿದ್ದೆನೇ? ನನ್ನ ನೆನಪಿನಲ್ಲಿ ಕಣ್ಣು ಒಣಗಿತ್ತು, ಕೈ ಸ್ಥಿರವಾಗಿತ್ತು. ಅಳುವೇ ಮರೆತಿದೆಯೆಂದರೆ ಉಳಿದದ್ದು? ಅಂದಿನಿಂದ ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ‘ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ’ ಎಂಬುದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದರ ಬೆನ್ನಿಗೆ ‘ಆಮೆನ್’ ಕೇಳುತ್ತದೆ. ‘ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎಂಬುದು ಮಾತ್ರ ಎಲ್ಲೂ ಕೇಳುವುದಿಲ್ಲ. ಬಾಲ್ಯದಿಂದ ಊಟಕ್ಕೆ, ನಿದ್ದೆಗೆ, ಪರೀಕ್ಷೆಗೆ ಶಿಲುಬೆಯ ಗುರುತು ಹಾಕಿಕೊಂಡು ಹೇಳಿದ ಸಾಲು ಅದು; ನಾಲಿಗೆ ತನ್ನ ಹಳೆಯ ದಾರಿ ಹಿಡಿದು ನೇರ ಆಮೆನ್‌ಗೆ ಹೋಗಿರಬಹುದು. ಆ ಮಾತಿಲ್ಲದೆ ದೀಕ್ಷಾಸ್ನಾನವಿಲ್ಲ. ತಂಗಿಗೆ ಹೇಳಲಿಲ್ಲ. ಅವಳು ಗಂಡನ ಜೊತೆ ವಡೋದರಾದಲ್ಲಿ ನೆಮ್ಮದಿಯಿಂದಿದ್ದಳು.

ಮಗುವಿಗೆ ಎಂಟು ತಿಂಗಳಾದಾಗ ಉಳಿದ ವಿಧಿಗಳನ್ನು ಪೂರೈಸಿ ರಿಜಿಸ್ಟರಿನಲ್ಲಿ ಬರೆಸಲು ವಡೋದರಾದ ಚರ್ಚಿಗೆ ಹೋದೆವು. ಅಲ್ಲಿನ ಗುರುಗಳು ಮಂಗಳೂರಿನ ಕಡೆಯ ಮುದುಕರು, ಕನ್ನಡ ಸಿಕ್ಕಿದ ಖುಷಿಯಲ್ಲಿದ್ದರು.

“ನೀರು ಹಾಕಿದ್ದು ನೀವಾ? ತಲೆ ಮೇಲೆ ಹರಿದದ್ದು ಹೌದಲ್ಲ?”

“ಹೌದು ಫಾದರ್. ಆದರೆ ನನಗೆ ನಂಬಿಕೆ ಇಲ್ಲ.”

“ಅದನ್ನು ನಾನು ಕೇಳ್ಲಿಲ್ಲ ಮಾರಾಯ್ರೆ. ಚರ್ಚು ಏನು ಮಾಡ್ತದೋ ಅದನ್ನೇ ಮಾಡುವ ಮನಸ್ಸಿದ್ರೆ ಸಾಕು, ನಂಬದವರು ಕೊಟ್ರೂ ಸಲ್ತದೆ. ಮಾತು ಸರಿಯಾಗಿ ಹೇಳಿದ್ರಲ್ಲ?”

ಪೆನ್ನು ರಿಜಿಸ್ಟರಿನ ಮೇಲೆ ಕಾಯುತ್ತಿತ್ತು. ‘ಹೌದು’ ಎಂದಿದ್ದರೆ ಮುಗಿಯುತ್ತಿತ್ತು.

“ಗೊತ್ತಿಲ್ಲ ಫಾದರ್. ಹೇಳಿದ ನೆನಪಿಲ್ಲ.”

ತಂಗಿಯ ಮುಖ ಬಿಳಿಚಿತು. “ಅಣ್ಣ, ಸುಮ್ನೆ ಹೌದು ಅನ್ನು. ದೇವರಿಲ್ಲ ಅನ್ನೋನಿಗೆ ಒಂದು ಸುಳ್ಳು ಹೇಳೋಕೆ ಏನಪ್ಪಾ ಕಷ್ಟ? ಪಾಪ ಬಂದ್ರೆ ನಂಗೇ ಬರಲಿ.”

“ಪಾಪ ಹಾಗೆಲ್ಲ ಟ್ರಾನ್ಸ್‌ಫರ್ ಆಗುದಿಲ್ಲಮ್ಮ, ನಿಮ್ಮ ಗಂಡನ ಹಾಗೆ” ಎಂದರು ಗುರುಗಳು. ಆಮೇಲೆ ನನ್ನ ಕಡೆ ತಿರುಗಿದರು. “ಮನಸ್ಸಾಕ್ಷಿಯನ್ನು ದೇವರು ಚರ್ಚಿಗೆ ಬರುವವರಿಗೆ ಮಾತ್ರ ಇಟ್ಟದ್ದಲ್ಲ. ಎಲ್ಲರೊಳಗೂ ಇಟ್ಟಿದ್ದಾನೆ. ಇದು ನಮ್ಮ ಬೋಧನೆ, ನನ್ನ ಸ್ವಂತದ್ದಲ್ಲ.”

“ಇಟ್ಟವರು ಯಾರು ಅನ್ನೋದೇ ನನ್ನ ತಕರಾರು ಫಾದರ್.”

“ಆ ತಕರಾರು ಇರ್ಲಿ. ನಂಬದೆಯೂ ಒಳ್ಳೆಯವರಾಗಿ ಇರ್ಲಿಕ್ಕೆ ಆಗ್ತದೆ, ಕಂಡಿದ್ದೇನೆ. ನನಗೆ ಹೆದರಿಕೆ ಬೇರೆ. ತಪ್ಪು ಮಾಡಿದ ದಿನ ಕ್ಷಮಿಸು ಅಂತ ಯಾರ ಹತ್ರ ಹೋಗ್ತೀರಿ?”

ತಂಗಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಗುರುಗಳು ಗಾಬರಿಯಾಗಲಿಲ್ಲ. ಅನುಮಾನವಿದ್ದಾಗ ಏನು ಮಾಡಬೇಕೆಂಬುದಕ್ಕೂ ಅವರಲ್ಲಿ ಕ್ರಮವಿತ್ತು: ಇನ್ನೊಮ್ಮೆ ನೀರು ಹಾಕುವುದು. ಲ್ಯಾಬಿನಲ್ಲಿ ಅನುಮಾನದ ಮಾದರಿಯನ್ನು ನಾವು ಮತ್ತೆ ಪರೀಕ್ಷಿಸುವ ಹಾಗೆ. ಮಗುವನ್ನು ಎತ್ತಿಕೊಂಡು ನೀರಿನ ಪಾತ್ರೆಯ ಬಳಿ ಹೋಗುವಾಗ ತಂಗಿ ಮೆಲ್ಲಗೆ ಹೇಳಿದಳು:

“ಹೌದು ಅಂದಿದ್ರೆ ನಾನು ನಂಬ್ತಿದ್ದೆ ಕಣೋ.”

“ಅದಕ್ಕೇ ಅನ್ನಲಿಲ್ಲ.”

ಇಷ್ಟು ವರ್ಷ ಅವಳು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ನನ್ನದೇ ಉತ್ತರ ಅದೊಂದೇ ಇರಬೇಕು. ಎಂಟು ತಿಂಗಳು ಸುಮ್ಮನಿದ್ದದ್ದಕ್ಕೆ ಕ್ಷಮಿಸು ಎಂದೂ ಅಂದೆ. ಅವಳು ಮಗುವಿನ ಟವೆಲನ್ನು ನನ್ನ ಹೆಗಲಿಗೆ ಹಾಕಿದಳು.

ಗುರುಗಳು ಶುರು ಮಾಡಿದರು: “ನಿನಗೆ ಇನ್ನೂ ದೀಕ್ಷಾಸ್ನಾನ ಆಗಿಲ್ಲವಾದರೆ...” ಚರ್ಚಿನ ಮಂತ್ರದಲ್ಲಿ ಒಂದು ‘ಆದರೆ’ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ನಂಬದ ನನಗೂ ಅಲ್ಲಿ ನಿಲ್ಲಲು ಅಷ್ಟು ಜಾಗ ಸಿಕ್ಕಿತು. ಆ ಋಣ ಇವತ್ತಿಗೂ ಇದೆ. ನರ್ಸಿನ ಬೆಚ್ಚನೆಯ ಅಂಗೈಯದೂ.

ನೀರು ಬಿದ್ದು ಮಗು ಚಿಟ್ಟನೆ ಚೀರಿತು. ಎಂಥ ಗಟ್ಟಿ ಉಸಿರು.

“ಒರೆಸೋ, ಥಂಡಿ ಆಗುತ್ತೆ” ಎಂದಳು ತಂಗಿ. ನಾನು ಒರೆಸಿದೆ. ನನ್ನ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ, ಅವಳನ್ನೇ ಕೇಳಬೇಕು.